ಬ್ರಿಟನ್ನಿನಲ್ಲಿ ಮಿದುಳು ಗಡ್ಡೆಯ ಆಪರೇಷನ್: ಬೆಂಗಳೂರಿನ ಮಾತ್ರೆಗಳ ಲೆಕ್ಕ ಮೊದಲು ಕೊಡಿ

ಜಿಪಿ (ಅಲ್ಲಿನ ಕುಟುಂಬ ವೈದ್ಯರು), ರೆಫರಲ್, ವೇಯ್ಟಿಂಗ್ ಲಿಸ್ಟ್ ಬಗ್ಗೆ ಅಲ್ಲಿರುವ ನಮ್ಮವರಿಗೆ ಹೊಸದಾಗಿ ಹೇಳಬೇಕಾದ್ದಿಲ್ಲ. ಮಿದುಳಿನಲ್ಲಿ ಗ್ಲಯೋಮಾ ಎಂಬ ಗಡ್ಡೆ ಇದೆ ಎಂದಾದಾಗ ಒಬ್ಬರ ಹಿಂದೆ ಒಬ್ಬರು ಎಡವುವುದು ಬೇರೆಲ್ಲೋ: ಜಯನಗರದ ಮೆಡಿಕಲ್ ಶಾಪಿನಿಂದ ಆರು ತಿಂಗಳಿಗಾಗುವಷ್ಟು ಕಟ್ಟಿಸಿಕೊಂಡು ಹೋದ ಬಿಪಿ, ಶುಗರ್ ಮಾತ್ರೆಗಳಲ್ಲಿ.

ಉಗ್ರ ಸ್ವರೂಪದ ಗ್ಲಯೋಮಾ, ಸ್ಕ್ಯಾನಿನಲ್ಲಿ ಕಾಣುವಷ್ಟನ್ನೂ ತೆಗೆಯಬಹುದು ಅನ್ನಿಸಿದರೆ ಅಲ್ಲಿ ಫೈವ್-ಅಲಾ (5-ALA) ಕೊಡುತ್ತಾರೆ; ಆಪರೇಷನ್ನಿಗೆ ಮೊದಲು ಕುಡಿಸುವ, ಗಡ್ಡೆಯನ್ನು ಹೊಳೆಯಿಸಿ ತೋರಿಸುವ ಔಷಧ ಇದು. ಚಿಕಿತ್ಸೆಯ ಮಾರ್ಗಸೂಚಿ ರೂಪಿಸುವ ಅಲ್ಲಿನ ಸಂಸ್ಥೆ ನೈಸ್ (NICE) 2018ರಲ್ಲಿ ಹೇಳುವುದೂ ಅದನ್ನೇ. ಗಡ್ಡೆಯ ಕೋಶಗಳು ಇದನ್ನು ಪ್ರೋಟೋಪಾರ್ಫಿರಿನ್ ಎಂಬ ಹೊಳೆಯುವ ವಸ್ತುವಾಗಿ ಮಾರ್ಪಡಿಸಿ ಒಳಗೇ ಕೂಡಿಟ್ಟುಕೊಳ್ಳುತ್ತವೆ. ಮೈಕ್ರೋಸ್ಕೋಪಿನ ನೀಲಿ ಬೆಳಕು ಬಿದ್ದರೆ ಗಡ್ಡೆ ಕೆಂಪಗೆ ಹೊಳೆಯುತ್ತದೆ, ಪಕ್ಕದ ಮಿದುಳು ನೀಲಿಯಾಗಿಯೇ ಉಳಿಯುತ್ತದೆ. 2006ರಲ್ಲಿ ಪ್ರಕಟವಾದ ಜರ್ಮನ್ ಪ್ರಯೋಗದಲ್ಲಿ ಗಡ್ಡೆ ಪೂರ್ತಿ ಹೋದದ್ದು ಈ ಬೆಳಕಿನಲ್ಲಿ ಶೇ. 65 ಮಂದಿಗೆ, ಬಿಳಿ ಬೆಳಕಿನಲ್ಲಿ ಶೇ. 36 ಮಂದಿಗೆ.

ಪ್ರಮಾಣ: ಕಿಲೋ ತೂಕಕ್ಕೆ 20 ಮಿಲಿಗ್ರಾಂ. ಒಂದು ಸೀಸೆಯ 1.5 ಗ್ರಾಂ ಪುಡಿಯನ್ನು 50 ಮಿ.ಲೀ. ಕುಡಿಯುವ ನೀರಿನಲ್ಲಿ ಕರಗಿಸುತ್ತಾರೆ. 70 ಕಿಲೋ ಇರುವವರಿಗೆ ಸುಮಾರು 47 ಮಿ.ಲೀ.; 75 ಕಿಲೋ ದಾಟಿದರೆ ಎರಡನೇ ಸೀಸೆ ಒಡೆಯಬೇಕು. ಆದ್ದರಿಂದ ತೂಕವನ್ನು ಅಂದಾಜಿನಲ್ಲಿ ಹೇಳಬೇಡಿ. ಅರಿವಳಿಕೆಗೆ ಮೂರು ಗಂಟೆ ಮೊದಲು ಕುಡಿಸುತ್ತಾರೆ. ಎರಡರಿಂದ ನಾಲ್ಕು ಗಂಟೆಯೊಳಗಾದರೆ ಸರಿ. ಆಪರೇಷನ್ನಿಗೆ ಖಾಲಿ ಹೊಟ್ಟೆ ಇರಬೇಕೆಂಬ ನಿಯಮ ಮುರಿಯುತ್ತದೆಂದು ಹೆದರಿ ಅಮ್ಮನ ಕೈಯಿಂದ ಲೋಟ ಕಸಿದುಕೊಳ್ಳಬೇಡಿ. ಕುಡಿದ ಮೇಲೆ ಆಪರೇಷನ್ 12 ಗಂಟೆಗಿಂತ ತಡವಾದರೆ ಅವತ್ತಿನದು ರದ್ದು. ಮರುದಿನವೋ ಆಮೇಲೋ ಹೊಸದಾಗಿ ಕುಡಿಯಬೇಕು.

ಇನ್ನು ಮಾತ್ರೆಗಳ ವಿಷಯ. ಫೈವ್-ಅಲಾ ಚರ್ಮವನ್ನೂ ಬೆಳಕಿಗೆ ಸೂಕ್ಷ್ಮವಾಗಿಸುತ್ತದೆ. ಅಂಥದ್ದೇ ಗುಣದ ಇನ್ನೊಂದು ಔಷಧ ಜೊತೆಗೆ ಸೇರಿದರೆ ಬಿಸಿಲಿಗೆ ಸುಟ್ಟ ಹಾಗೆ ಮೈ ಕೆಂಪಾಗಿ ಉರಿಯಬಹುದು. ಆ ಪಟ್ಟಿಯಲ್ಲಿರುವವು ಬಿಪಿಯ ಥಯಾಜೈಡ್, ಶುಗರಿನ ಸಲ್ಫೋನೈಲ್‌ಯೂರಿಯಾ, ಆಂಟಿಬಯಾಟಿಕ್‌ಗಳಾದ ಟೆಟ್ರಾಸೈಕ್ಲಿನ್, ಕ್ವಿನೊಲೋನ್, ಸಲ್ಫಾ ಔಷಧಗಳು. ನಿಮ್ಮ ಡಬ್ಬಿಗೆ ಅನ್ವಯಿಸಿ ನೋಡಿ: ಟೆಲ್ಮಾ-ಎಚ್ ಮಾತ್ರೆಯಲ್ಲಿ ಹೈಡ್ರೋಕ್ಲೋರೋಥಯಾಜೈಡ್ ಇದೆ. ಗ್ಲೈಕೋಮೆಟ್-ಜಿಪಿಯಲ್ಲಿ ಮೆಟ್‌ಫಾರ್ಮಿನ್ ಜೊತೆ ಗ್ಲಿಮೆಪಿರೈಡ್ ಎಂಬ ಸಲ್ಫೋನೈಲ್‌ಯೂರಿಯಾ ಇದೆ. ಜ್ವರ, ಭೇದಿಗೆಂದು ತುರುಕಿಕೊಂಡು ಬಂದ ಡಾಕ್ಸಿಸೈಕ್ಲಿನ್, ಸಿಪ್ರೋಫ್ಲಾಕ್ಸಸಿನ್ ಸಹ ಅದೇ ಗುಂಪು. ಅಲ್ಲಿನ ಫಾರ್ಮಸಿಸ್ಟ್ ಮೊದಲು ನೋಡುವುದು ಜಿಪಿ ದಾಖಲೆ. ಬೆಂಗಳೂರಿನಲ್ಲಿ ಕೊಂಡದ್ದು ಅದರಲ್ಲಿ ಇರುವುದಿಲ್ಲ. ಬ್ರ್ಯಾಂಡ್ ಹೆಸರು ಹೇಳಿದರೆ ಅವರಿಗೆ ಏನೂ ತಿಳಿಯುವುದಿಲ್ಲ. ಆಪರೇಷನ್ ದಿನ ಬೆಳಿಗ್ಗೆ ಸ್ಟ್ರಿಪ್ ಹೊರಬಂತೋ, ಫೋನ್ ಮೇಲೆ ಫೋನ್. ಸ್ಲಾಟ್ ಬೇರೆಯವರ ಪಾಲಾಗಬಹುದು, ಅತ್ತ ಗಡ್ಡೆ ಸುಮ್ಮನಿರುವುದಿಲ್ಲ. ಪ್ರತಿ ಸ್ಟ್ರಿಪ್ಪಿನ ಹಿಂಬದಿಯ ಫೋಟೋ ತೆಗೆದು, ರಾಸಾಯನಿಕ ಹೆಸರು ಮತ್ತು ಮಿಲಿಗ್ರಾಂ ಬರೆದು ಪ್ರೀ-ಅಸೆಸ್‌ಮೆಂಟ್ (ಆಪರೇಷನ್ನಿಗೆ ಮುಂಚಿನ ತಪಾಸಣೆ) ದಿನವೇ ಕೊಡಿ. ಕಷಾಯ, ಚೂರ್ಣವನ್ನೂ ಸೇರಿಸಿ; ಯಕೃತ್ತಿಗೆ ಭಾರವಾಗುವುದನ್ನೂ ಫೈವ್-ಅಲಾ ಕುಡಿದ ಮೇಲೆ 24 ಗಂಟೆ ದೂರವಿಡಬೇಕು. ನೀವೇ ಮಾತ್ರೆ ನಿಲ್ಲಿಸುವ ಸಾಹಸ ಮಾತ್ರ ಬೇಡ, ಬಿಪಿ ಏರಿದರೂ ಆಪರೇಷನ್ ನಿಲ್ಲಬಹುದು. ಮನೆಗೆ ಬಂದ ಮೇಲೂ ಎರಡು ವಾರ ಆ ಆಂಟಿಬಯಾಟಿಕ್‌ಗಳನ್ನು ಮುಟ್ಟಬೇಡಿ.

ಈ ಒಂದು ವಿಷಯದಲ್ಲಿ ನಮ್ಮ ಪದ್ಧತಿಯೇ ಮೇಲು. ಪ್ಲಾಸ್ಟಿಕ್ ಕವರಿನ ಫೈಲನ್ನು ರೋಗಿಯೇ ಹೊತ್ತು ತಿರುಗುವುದರಿಂದ ಯಾವುದೂ ಮರೆಯಾಗುವುದಿಲ್ಲ. ಸರ್ಜನ್, ರೇಡಿಯಾಲಜಿಸ್ಟ್, ಆಂಕಾಲಜಿಸ್ಟ್ ಒಟ್ಟಿಗೆ ಕೂತು ನಿರ್ಧರಿಸುವುದನ್ನು ಪದ್ಧತಿಯಾಗಿಸಿರುವುದರಲ್ಲಿ ಅವರೇ ಮುಂದು.

ಫೈವ್-ಅಲಾ ಕುಡಿದ ಮೇಲೆ 24 ಗಂಟೆ ನೇರ ಬಿಸಿಲು, ಪ್ರಖರ ದೀಪ ಬೇಡ. ಅಮೆರಿಕದ ಸೂಚನೆಯಲ್ಲಿ ಅದು 48 ಗಂಟೆ. ‘ಇಲ್ಲಿ ಇಂಜೆಕ್ಷನ್ ಕೊಟ್ಟರಲ್ಲ’ ಎಂದು ಬೆಂಗಳೂರಿನ ನೆಂಟರು ಹೇಳಿದರೆ, ಅದು ಫ್ಲೋರೆಸೀನ್. ಕಣ್ಣಿನ ಪರೀಕ್ಷೆಗೂ ಬಳಸುವ ಅಗ್ಗದ ಬಣ್ಣ, ಹಳದಿ-ಹಸಿರಾಗಿ ಹೊಳೆಯುತ್ತದೆ, ಮೂತ್ರವೂ ಹಳದಿಯಾಗುತ್ತದೆ. ಅದು ಕೋಶದೊಳಗೆ ಕೂಡುವುದಿಲ್ಲ. ರಕ್ತನಾಳದ ತಡೆ ಮುರಿದಲ್ಲಿ ಸೋರುತ್ತದೆ, ಅಷ್ಟೆ. ಫೈವ್-ಅಲಾ ಸಹ ಮಾಯಾದೀಪವಲ್ಲ: ಮೇಲೆ ರಕ್ತ ನಿಂತರೆ ಹೊಳಪು ಕಾಣದು, ಕಡಿಮೆ ದರ್ಜೆಯ ಗಡ್ಡೆ ಹೆಚ್ಚಾಗಿ ಹೊಳೆಯುವುದೇ ಇಲ್ಲ.

ವಿಸಿಟರ್ ವೀಸಾದಲ್ಲಿ ಬಂದ ಅಪ್ಪ-ಅಮ್ಮನಿಗೆ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯ (ಎನ್‌ಎಚ್‌ಎಸ್) ಆಸ್ಪತ್ರೆ ಸಾಮಾನ್ಯವಾಗಿ ತನ್ನ ನಿಗದಿತ ದರದ ಶೇ. 150ರಷ್ಟು ಹಾಕುತ್ತದೆ, ತುರ್ತಿಲ್ಲದಿದ್ದರೆ ಮುಂಗಡವಾಗಿ. 500 ಪೌಂಡ್ ಅಥವಾ ಹೆಚ್ಚಿನ ಬಾಕಿ ಎರಡು ತಿಂಗಳು ಉಳಿದರೆ ಮುಂದಿನ ವೀಸಾಕ್ಕೆ ಅಡ್ಡಿಯಾಗಬಹುದು.

ಮುಂದಿನ ಚಿಕಿತ್ಸೆಗೆ ಊರಿಗೆ ಮರಳುವವರು ಡಿಸ್ಚಾರ್ಜ್ ಪತ್ರವೊಂದನ್ನೇ ಹಿಡಿದು ವಿಮಾನ ಹತ್ತಬೇಡಿ. ಆಪರೇಷನ್ ನೋಟ್, ಹೊಳೆದರೂ ಬಿಟ್ಟ ಭಾಗ ಎಲ್ಲಿದೆ ಎಂಬ ವಿವರ, 72 ಗಂಟೆಯೊಳಗಿನ ಎಂಆರ್‌ಐ, ಗಡ್ಡೆಯ ಜೀನ್ ಪರೀಕ್ಷೆಗಳಾದ ಐಡಿಎಚ್ ಮತ್ತು ಎಂಜಿಎಂಟಿ ವರದಿ ಕೇಳಿ ಪಡೆಯಿರಿ. ನಿಮ್ಹಾನ್ಸ್‌ಗೆ ಹೋಗಲಿ, ಕಿದ್ವಾಯಿಗೆ ಹೋಗಲಿ, ಕೇಳುವುದು ಇವನ್ನೇ.