ಹೈ-ಗೇನ್ ಆಂಪಿನ ಸುಂಯ್‌ ಸದ್ದು ನಿಂತದ್ದು ಹೀಗೆ

ಪಾಮ್ ಮ್ಯೂಟ್ (ಅಂಗೈ ಅಂಚನ್ನು ತಂತಿಗೆ ತಾಗಿಸಿ ನುಡಿಸುವುದು) ನಿಂತ ಕೂಡಲೇ ಹೈ-ಗೇನ್ (ಸಿಗ್ನಲನ್ನು ತುಂಬಾ ಹಿಗ್ಗಿಸುವ) ಗಿಟಾರ್ ಆಂಪಿನಿಂದ ಸುಂಯ್ ಅಂತ ಸದ್ದು ನುಗ್ಗುತ್ತಿತ್ತು. ಮೆಟಲ್ ಸಂಗೀತದ ರಿಫ್‌ಗೆ (ಮರುಕಳಿಸುವ ಗಿಟಾರ್ ತುಣುಕು) ನಡುವಿನ ಮೌನವೇ ಜೀವ, ಹಾಗಾಗಿ ಇದನ್ನು ಸಹಿಸಿಕೊಂಡು ನುಡಿಸಲಾಗದು.

ಮೊದಲು ಗಿಟಾರಿನ ವಾಲ್ಯೂಮ್ ಸೊನ್ನೆಗಿಳಿಸಿ ನೋಡಿದೆ. ತಗ್ಗಿದ್ದು ಪಿಕಪ್ (ತಂತಿಯ ಕಂಪನವನ್ನು ಸಿಗ್ನಲ್ ಮಾಡುವ ಭಾಗ) ಹಿಡಿದ ಗುಂಯ್. ಉಳಿದದ್ದು ಪೆಡಲ್ (ಕಾಲಲ್ಲಿ ಒತ್ತುವ ಎಫೆಕ್ಟ್ ಪೆಟ್ಟಿಗೆ) ಮತ್ತು ಪ್ರೀಆಂಪಿನದು (ಆಂಪಿನಲ್ಲಿ ಸಿಗ್ನಲ್ ಮೊದಲು ಹಿಗ್ಗುವ ಹಂತ). ಪೆಡಲ್ ಬಿಟ್ಟು ನೇರ ಆಂಪಿಗೆ ಕೇಬಲ್ ಹಾಕಿದಾಗ ಸಣ್ಣದೊಂದು ಕೀರಲು ಮಾಯವಾಯಿತು. ಡಿಜಿಟಲ್ ಡಿಲೇ (ಪ್ರತಿಧ್ವನಿ ಕೊಡುವ ಪೆಡಲ್), ಓವರ್‌ಡ್ರೈವ್ (ಸದ್ದನ್ನು ಒರಟಾಗಿಸುವ ಪೆಡಲ್) ಎರಡೂ ಒಂದೇ ಅಡಾಪ್ಟರಿನಿಂದ ಕರೆಂಟ್ ಎಳೆಯುತ್ತಿದ್ದವು. ಐಸೋಲೇಟೆಡ್ (ಒಂದಕ್ಕೊಂದು ಬೇರ್ಪಟ್ಟ) ಔಟ್‌ಪುಟ್‌ಗಳಿರುವ 9 ವೋಲ್ಟ್ ಸಪ್ಲೈ ಹಾಕಿದ ಮೇಲೆ ಅದು ಹೋಯಿತು.

ಸುಂಯ್‌ಗೆ ನಾಯ್ಸ್ ಗೇಟ್ (ನುಡಿಸದಿದ್ದಾಗ ಸದ್ದನ್ನು ತಡೆಯುವ ಪೆಡಲ್) ಬೇಕೇ ಬೇಕು. ಆದರೆ ಅದನ್ನು ಆಂಪಿನ ಮುಂದಷ್ಟೇ ಇಟ್ಟರೆ ಪ್ರೀಆಂಪಿನಲ್ಲಿ ಹುಟ್ಟುವ ಸದ್ದು ಅದಕ್ಕೆ ಸಿಗುವುದಿಲ್ಲ. ಬಾಸ್ (Boss) ಕಂಪನಿಯ ಎನ್‌ಎಸ್-2 ಥರ ಲೂಪ್ (ಸಿಗ್ನಲ್ ಹೊರಹೋಗಿ ಮರಳುವ ಸೆಂಡ್, ರಿಟರ್ನ್ ಜಾಕ್‌ಗಳು) ಇರುವ ಗೇಟ್ ಆದರೆ ಕೇಬಲ್ ಹೀಗೆ: ಗಿಟಾರ್ ಗೇಟಿನ ಇನ್‌ಪುಟ್‌ಗೆ. ಗೇಟಿನ ಸೆಂಡ್‌ನಿಂದ ಓವರ್‌ಡ್ರೈವ್ ಮೂಲಕ ಆಂಪಿನ ಇನ್‌ಪುಟ್‌ಗೆ. ಆಂಪಿನ ಎಫೆಕ್ಟ್ಸ್ ಸೆಂಡ್ ಗೇಟಿನ ರಿಟರ್ನ್‌ಗೆ. ಗೇಟಿನ ಔಟ್‌ಪುಟ್ ಡಿಲೇ ಮೂಲಕ ಆಂಪಿನ ರಿಟರ್ನ್‌ಗೆ. ಗೇಟ್ ಗಿಟಾರಿನ ಶುದ್ಧ ಸಿಗ್ನಲ್ ಕೇಳುತ್ತದೆ, ಬಾಗಿಲು ಮುಚ್ಚುವುದು ಮಾತ್ರ ಪ್ರೀಆಂಪಿನ ನಂತರ. ಡಿಲೇ ಗೇಟಿಗಿಂತ ಮುಂಚೆ ಬಂದರೆ ಅದರ ಪ್ರತಿಧ್ವನಿಯ ಬಾಲ ಕತ್ತರಿಸಿಹೋಗುತ್ತದೆ. ಆಂಪಿನ ಲೂಪ್ ಸೀರೀಸ್ (ಇಡೀ ಸಿಗ್ನಲ್ ಲೂಪಿನ ಮೂಲಕವೇ ಹೋಗುವಂಥದ್ದು) ಆಗಿರಬೇಕು. ಪ್ಯಾರಲಲ್ ಲೂಪಿನಲ್ಲಿ ಸದ್ದು ಪಕ್ಕದ ದಾರಿಯಿಂದ ನುಸುಳುತ್ತದೆ.

ತಂತಿಗಳ ಮೇಲೆ ಅಂಗೈ ಇಟ್ಟು, ಸದ್ದು ನಿಲ್ಲುವವರೆಗೆ ಗೇಟಿನ ಥ್ರೆಶೋಲ್ಡ್ (ಎಷ್ಟು ಸದ್ದಿಗಿಂತ ಕೆಳಗೆ ಮುಚ್ಚಬೇಕೆಂಬ ಮಿತಿ) ಏರಿಸಿ, ಅಲ್ಲಿಗೇ ಬಿಡಿ. ಹೆಚ್ಚಾದರೆ ಉದ್ದ ಸ್ವರಗಳ ಕೊನೆ ತುಂಡಾಗುತ್ತದೆ. ಓವರ್‌ಡ್ರೈವ್‌ನ ಡ್ರೈವ್ 0, ಲೆವೆಲ್ ಜಾಸ್ತಿ ಇಟ್ಟು ಆಂಪಿನ ಗೇನ್ ಇಳಿಸಿದರೆ ಕೆಳ ಸ್ವರ ಬಿಗಿಯಾಗಿ, ಗೇಟಿನ ಕೆಲಸವೂ ಹಗುರಾಗುತ್ತದೆ.

ಗುಂಯ್ ಹೋಗಲೆಂದು ಪ್ಲಗ್ಗಿನ ಅರ್ಥ್ ಪಿನ್ ಮಾತ್ರ ಎಂದೂ ತೆಗೆಯಬೇಡಿ; ಶಾಕ್ ಹೊಡೆದು ಪ್ರಾಣ ಹೋಗಬಹುದು.