ರೌಟರ್‌ಗೆ ಹಾಕುವ ಮುಂಚೆ ಕಂಪ್ಯೂಟರಿನಲ್ಲೇ ಓಡಿಸಿ ನೋಡಿ

ಹೊಸ ಫರ್ಮ್‌ವೇರ್ (ರೌಟರನ್ನು ನಡೆಸುವ ಸಾಫ್ಟ್‌ವೇರ್) ಬಂತು ಅಂತ ನೇರವಾಗಿ ರೌಟರ್‌ಗೆ ಹಾಕಿ, ಆಮೇಲೆ ಮನೆಯಲ್ಲಿ ನೆಟ್ಟೇ ಇಲ್ಲದೆ ಫೋನಿನ ಡೇಟಾದಲ್ಲಿ ಪರಿಹಾರ ಹುಡುಕುತ್ತಾ ಕೂತವರನ್ನು ಬೇಕಾದಷ್ಟು ನೋಡಿದ್ದೇನೆ. ನೀವು ಓಪನ್‌ಡಬ್ಲ್ಯೂಆರ್‌ಟಿ (ರೌಟರ್‌ಗಳಿಗೆ ಹಾಕುವ ಲಿನಕ್ಸ್ ಆಧಾರಿತ ಮುಕ್ತ ಫರ್ಮ್‌ವೇರ್) ಬಳಸುವವರಾದರೆ ಈ ಪಾಡು ಬೇಡ. ಫೈರ್‌ವಾಲ್ ನಿಯಮ, ವಿಪಿಎನ್, ಹೊಸ ಪ್ಯಾಕೇಜ್ ಎಲ್ಲವನ್ನೂ ವರ್ಚುವಲ್ ಮಷೀನ್‌ನಲ್ಲಿ, ಅಂದರೆ ಕಂಪ್ಯೂಟರಿನೊಳಗೇ ಓಡುವ ಇನ್ನೊಂದು ಕೃತಕ ಕಂಪ್ಯೂಟರಿನಲ್ಲಿ, ಮೊದಲೇ ಪರೀಕ್ಷಿಸಬಹುದು.

ನಿಮ್ಮ ರೌಟರ್ ಹೆಸರಿರುವ ಬಿನ್ ಫೈಲನ್ನು ಇಳಿಸಿಕೊಳ್ಳಬೇಡಿ. ಅದು ಆ ಬೋರ್ಡಿನ ಮಿಪ್ಸ್ ಅಥವಾ ಆರ್ಮ್ ಚಿಪ್ಪಿಗೆ ಮಾಡಿದ್ದು, ಇಲ್ಲಿ ಬೂಟ್ ಆಗುವುದಿಲ್ಲ. ಅದೇ ಆವೃತ್ತಿಯ ಎಕ್ಸ್86-64 ಇಮೇಜ್ (ಸಾಮಾನ್ಯ ಪಿಸಿಗೆ ಮಾಡಿದ ಡಿಸ್ಕ್ ಫೈಲ್) ತೆಗೆದುಕೊಳ್ಳಿ. ಅದರಲ್ಲೂ ಸ್ಕ್ವಾಶ್‌ಎಫ್‌ಎಸ್ (ಓದಲು ಮಾತ್ರ ಆಗುವ ಫೈಲ್ ವ್ಯವಸ್ಥೆ) ಇರುವುದನ್ನೇ ಆರಿಸಿ. ನಿಮ್ಮ ಬದಲಾವಣೆಗಳು ಮೂಲದ ಮೇಲೆ ಬೇರೆ ಪದರದಲ್ಲಿ ಕೂರುತ್ತವೆ, ಹಾಗಾಗಿ ಫ್ಯಾಕ್ಟರಿ ರೀಸೆಟ್ ಕೂಡ ಮಾಡಿ ನೋಡಬಹುದು. ಇಎಕ್ಸ್‌ಟಿ4 (ನೇರವಾಗಿ ಮೂಲದಲ್ಲೇ ಬರೆಯುವ ಫೈಲ್ ವ್ಯವಸ್ಥೆ) ಇಮೇಜ್‌ನಲ್ಲಿ ಅದು ಆಗುವುದಿಲ್ಲ.

ಇಳಿಸಿಕೊಂಡ ಸಂಕುಚಿತ ಫೈಲನ್ನು ಜಿಜಿಪ್ ಎಂಬ ಸಾಧನದಿಂದ ಬಿಚ್ಚಿ. ಕೊನೆಯಲ್ಲಿ 'ಟ್ರೇಲಿಂಗ್ ಗಾರ್ಬೇಜ್ ಇಗ್ನೋರ್ಡ್' ಅಂತ ಬರುತ್ತದೆ. ಗಾಬರಿಯಾಗಿ ಮತ್ತೆ ಡೌನ್‌ಲೋಡ್ ಮಾಡಬೇಡಿ, ಫೈಲ್ ಸರಿಯಾಗಿಯೇ ಇದೆ.

ವರ್ಚುವಲ್ ಮಷೀನ್ ಓಡಿಸಲು ಒಂದು ಸಾಫ್ಟ್‌ವೇರ್ ಬೇಕು. ವರ್ಚುವಲ್‌ಬಾಕ್ಸ್‌ನಲ್ಲೂ ಆಗುತ್ತದೆ, ಆದರೆ ಅದಕ್ಕೆ ಇಮೇಜನ್ನು ಅದರದೇ ಡಿಸ್ಕ್ ಬಗೆಯಾದ ವಿಡಿಐಗೆ ಬದಲಾಯಿಸಬೇಕು. ಗಾತ್ರ 512 ಬೈಟಿಗೆ ಸರಿಯಾಗಿ ಭಾಗವಾಗದಿದ್ದರೆ ಆ ಹಂತದಲ್ಲೇ ಎರರ್ ಬರುತ್ತದೆ. ಅದರ ಬದಲು ಅದೇ ಕೆಲಸದ ಇನ್ನೊಂದು ಸಾಫ್ಟ್‌ವೇರ್ ಕ್ಯೂಎಮು ಹಾಕಿಕೊಳ್ಳಿ. ಅದು ಇಮೇಜನ್ನು ಇದ್ದ ಹಾಗೇ ಓದುತ್ತದೆ, 256 ಎಂಬಿ ರ‍್ಯಾಮ್ ಕೊಟ್ಟರೆ ಧಾರಾಳ.

ಎಲ್ಲರೂ ಎಡವುವುದು ನೆಟ್‌ವರ್ಕಿನಲ್ಲಿ. ವರ್ಚುವಲ್ ಮಷೀನ್‌ಗೆ ಎರಡು ನೆಟ್‌ವರ್ಕ್ ಕಾರ್ಡ್ ಕೊಡಬೇಕು. ಮೊದಲನೆಯದು ಲ್ಯಾನ್ (ಒಳಗಿನ ನೆಟ್‌ವರ್ಕ್) ಆಗುತ್ತದೆ, ಎರಡನೆಯದು ವ್ಯಾನ್ (ಇಂಟರ್ನೆಟ್ ಕಡೆಯದು). ಒಂದೇ ಕೊಟ್ಟರೆ ಅದು ಲ್ಯಾನ್ ಆಗಿಬಿಡುತ್ತದೆ, ಪ್ಯಾಕೇಜ್ ಇಳಿಸಲು ಹೊರಗಿನ ದಾರಿಯೇ ಇರುವುದಿಲ್ಲ. ಎರಡನ್ನೂ 'ಯೂಸರ್' ಬಗೆಯಲ್ಲೇ (ಕ್ಯೂಎಮು ತನ್ನೊಳಗೇ ನಡೆಸುವ ನೆಟ್‌ವರ್ಕ್) ಇಡಿ. ವ್ಯಾನ್ ಕಾರ್ಡಿಗೆ ಏನೂ ಹೇಳಬೇಕಿಲ್ಲ, ಅದು ತಾನಾಗೇ 10.0.2.15 ಪಡೆಯುತ್ತದೆ. ಲ್ಯಾನ್ ಕಾರ್ಡಿಗೆ ಮಾತ್ರ ಎರಡು ವಿಷಯ ಬಿಡಿಸಿ ಹೇಳಬೇಕು: ಅದರ ನೆಟ್‌ವರ್ಕ್ 192.168.1.0/24, ಮತ್ತು ನಿಮ್ಮ ಕಂಪ್ಯೂಟರಿನ 8080 ಪೋರ್ಟಿಗೆ ಬಂದದ್ದು 192.168.1.1ರ 80ಕ್ಕೆ ಹೋಗಬೇಕು. ಮೊದಲನೆಯದನ್ನು ಮರೆತರೆ ಕ್ಯೂಎಮು 10.0.2ರಲ್ಲಿ, ಓಪನ್‌ಡಬ್ಲ್ಯೂಆರ್‌ಟಿ 192.168.1ರಲ್ಲಿ. ಒಂದಕ್ಕೊಂದು ಸಿಗುವುದೇ ಇಲ್ಲ, ಬ್ರೌಸರ್ ಸುಮ್ನೆ ತಿರುಗುತ್ತಾ ಇರುತ್ತದೆ.

ಬ್ರಿಡ್ಜ್ ಮಾಡಿದರೆ, ಅಂದರೆ ವರ್ಚುವಲ್ ಮಷೀನನ್ನು ನೇರವಾಗಿ ಮನೆಯ ನೆಟ್‌ವರ್ಕಿಗೇ ಸೇರಿಸಿದರೆ, ಸುಲಭ ಅಲ್ವಾ ಅಂತ ಕೇಳುತ್ತಾರೆ. ಬೇಡ. ಮನೆಯ ರೌಟರ್ ಕೂಡ 192.168.1.1 ಆಗಿದ್ದರೆ ಒಂದೇ ವಿಳಾಸಕ್ಕೆ ಇಬ್ಬರು ಓಗೊಡುತ್ತಾರೆ, ಮನೆಮಂದಿಯ ನೆಟ್ ಎಲ್ಲ ಕೆಡುತ್ತದೆ.

ಬೂಟ್ ಮಾಡಿ. ಕರ್ನಲ್ ಸಾಲುಗಳು ಓಡಿ ಓಡಿ ಒಂದು ಕಡೆ ನಿಂತುಬಿಡುತ್ತವೆ. ಹ್ಯಾಂಗ್ ಆಯಿತು ಅಂತ ಇಲ್ಲೇ ಜಾಸ್ತಿ ಜನ ಮುಚ್ಚಿಬಿಡುತ್ತಾರೆ. ಎಂಟರ್ ಒತ್ತಿ, ಕನ್ಸೋಲ್ ತೆರೆಯುತ್ತದೆ. ಈಗ ಬ್ರೌಸರಿನಲ್ಲಿ ಲೋಕಲ್‌ಹೋಸ್ಟ್ 8080 ತೆರೆದರೆ ಲಾಗಿನ್ ಪುಟ. ಯೂಸರ್ ರೂಟ್, ಪಾಸ್‌ವರ್ಡ್ ಖಾಲಿ.

'ಸ್ನ್ಯಾಪ್‌ಶಾಟ್' ಆಯ್ಕೆ ಹಾಕಿ ಓಡಿಸಿದರೆ ಮುಚ್ಚಿದಾಗ ನಿಮ್ಮ ಬದಲಾವಣೆ ಎಲ್ಲ ಹೋಗಿ ಇಮೇಜ್ ಮೊದಲಿನಂತೆಯೇ ಉಳಿಯುತ್ತದೆ. ನಾನು ದಿನಾ ಹೀಗೇ ಓಡಿಸುತ್ತೇನೆ. ಆವೃತ್ತಿ ಅಪ್‌ಗ್ರೇಡ್ ಪರೀಕ್ಷಿಸುವಾಗ ಮಾತ್ರ ಅದನ್ನು ಬಿಟ್ಟು, ಇಮೇಜ್ ಫೈಲಿನ ಒಂದು ನಕಲು ಮಾಡಿಕೊಂಡು ಅದರ ಮೇಲೆ ನೋಡಿ.

ವೈಫೈ, ಸ್ವಿಚ್ ಪೋರ್ಟು, ಫ್ಲ್ಯಾಶ್ ಚಿಪ್ಪಿನ ತೊಂದರೆ ಇಲ್ಲಿ ಕಾಣುವುದಿಲ್ಲ. ಪರೀಕ್ಷೆ ಮುಗಿದ ಮೇಲೆ ಇಲ್ಲಿನ ಬ್ಯಾಕಪ್ಪನ್ನು ಇಡಿಯಾಗಿ ರೌಟರ್‌ಗೆ ಹಾಕಲೇಬೇಡಿ. ಪೋರ್ಟುಗಳ ಹೆಸರು ಎರಡು ಕಡೆ ಬೇರೆ ಬೇರೆ ಇರುತ್ತದೆ. ನೆಟ್‌ವರ್ಕ್ ಫೈಲ್ ಬಿಟ್ಟು ಫೈರ್‌ವಾಲ್ ನಿಯಮ, ಪ್ಯಾಕೇಜುಗಳ ಸೆಟ್ಟಿಂಗ್ ಇಷ್ಟನ್ನೇ ಒಂದೊಂದಾಗಿ ಸಾಗಿಸಿ.