ಯಾರಿಗೋಸ್ಕರ ಪವಿತ್ರಾತ್ಮನ ವರ ಕೇಳಬೇಕು? ನನ್ನ ಅನುಭವ

ಪವಿತ್ರಾತ್ಮನ ವರಗಳು, ಅಂದರೆ ದೇವರ ಆತ್ಮನು ವಿಶ್ವಾಸಿಗಳಿಗೆ ಕೊಡುವ ವಿಶೇಷ ಸಾಮರ್ಥ್ಯಗಳು, ಯೇಸು ಕಳಿಸಿದ ಅಪೊಸ್ತಲರ ಕಾಲಕ್ಕೇ ಮುಗಿದುಹೋದವು, ಈಗ ಕೇಳೋದೇ ತಪ್ಪು ಅಂತ ಕೆಲವರು ಹೇಳುತ್ತಾರೆ. ಅನ್ಯಭಾಷೆ, ಅಂದರೆ ಪ್ರಾರ್ಥನೆಯಲ್ಲಿ ತಾನು ಕಲಿಯದ ಭಾಷೆ, ಬಾಯಿಗೆ ಬರದಿದ್ದರೆ ನಿನ್ನಲ್ಲಿ ಪವಿತ್ರಾತ್ಮನೇ ಇಲ್ಲ ಅಂತ ಇನ್ನು ಕೆಲವರು. ಧಾರವಾಡದ ಕಡೆ, ಬಾಸೆಲ್ ಮಿಷನ್ ಕಾಲದ ಹಳೆಯ ಸಭೆಯಲ್ಲಿ ಬೆಳೆದ ನನ್ನ ಕಿವಿಗೆ ಎರಡೂ ಮಾತು ಬಿದ್ದಿವೆ. ನಾನು ವರ ಕೇಳಿದ್ದು ಹೇಗೆ, ಸಿಕ್ಕಿದ್ದೇನು ಅಂತ ಇಲ್ಲಿ ಹೇಳುತ್ತೇನೆ.

ಮೊದಲು ಮಾಡಿದ್ದು ಓದು. ಬೈಬಲಿನ 1 ಕೊರಿಂಥ ಪತ್ರದ 12ರಿಂದ 14ನೇ ಅಧ್ಯಾಯದವರೆಗೆ ಒಂದೇ ಸಲಕ್ಕೆ ಓದಿದೆ. ನಾವು 13ನೇ ಅಧ್ಯಾಯವನ್ನು ಮದುವೆಯಲ್ಲಿ ಕೇಳಿರುತ್ತೇವೆ, ಉಳಿದ ಎರಡನ್ನು ಯಾವಾಗಲೋ ಒಂದು ಭಾನುವಾರ. ಮೂರನ್ನೂ ಸೇರಿಸಿ ಓದಿದರೆ ವಿಷಯ ಸ್ಪಷ್ಟವಾಗುತ್ತದೆ. ವರಗಳನ್ನು ಆಸಕ್ತಿಯಿಂದ ಅಪೇಕ್ಷಿಸಿ ಅಂತ ಈ ಪತ್ರ ಬರೆದ ಅಪೊಸ್ತಲ ಪೌಲನು ಮತ್ತೆ ಮತ್ತೆ ಹೇಳುತ್ತಾನೆ. ಪೂರ್ಣವಾದದ್ದು ಬಂದಾಗ ಇವು ಇಲ್ಲದೆ ಹೋಗುತ್ತವೆ ಅನ್ನುವ ಮಾತೂ ಅಲ್ಲೇ ಇದೆ. ಆದರೆ ಆಗ ಮುಖಾಮುಖಿಯಾಗಿ ನೋಡುತ್ತೇವೆ ಅಂತಲೂ ಅದರ ಜೊತೆಗೇ ಇದೆ. ಕರ್ತನನ್ನು ನಾವಿನ್ನೂ ಮುಖಾಮುಖಿ ನೋಡಿಲ್ಲ ಅಲ್ವಾ? ಹಾಗಾದರೆ ಕೇಳುವ ಕಾಲ ಮುಗಿದಿಲ್ಲ ಅನ್ನೋದು ನನ್ನ ದೃಢ ನಂಬಿಕೆ.

ಆಮೇಲೆ ರೋಮಾಪುರ 12 ಮತ್ತು ಎಫೆಸ 4ನ್ನೂ ತೆಗೆದು ವರಗಳನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಬೋಧನೆ, ಸೇವೆ, ಧೈರ್ಯ ಹೇಳುವುದು, ದಾನ, ಕರುಣೆ ತೋರಿಸುವುದು. ಇವೂ ವರಗಳೇ. ಆದರೆ ಕರುಣೆಯ ವರ ಬೇಕು ಅಂತ ಉಪವಾಸ ಕೂತವರನ್ನು ನಾನಂತೂ ಕಂಡಿರಲಿಲ್ಲ.

ಪೌಲನು ಇನ್ನೊಂದು ಮಾತು ಹೇಳುತ್ತಾನೆ. ವರ ಕೊಡುವುದು ಎಲ್ಲರ ಪ್ರಯೋಜನಕ್ಕೆ. ಅದಕ್ಕೇ ನನಗೆ ಯಾವ ವರ ಬೇಕು ಅಂತ ಯೋಚಿಸೋದು ಬಿಟ್ಟು, ಸಭೆಗೆ ಏನು ಕೊರತೆ ಇದೆ ಅಂತ ನೋಡಿದೆ. ಹಾಸಿಗೆ ಹಿಡಿದ ವಯಸ್ಸಾದವರು ನಮ್ಮಲ್ಲಿ ಜಾಸ್ತಿ. ಮಕ್ಕಳು ಬೆಂಗಳೂರಲ್ಲೋ ದುಬೈಯಲ್ಲೋ ಇರುತ್ತಾರೆ. ಸಭಾಪಾಲಕರು ಒಬ್ಬರೇ ಎಷ್ಟು ಮನೆಗೆ ಹೋದಾರು? ಅವರ ಹತ್ತಿರ ಹೋಗಿ ಅಂಥವರ ಹೆಸರು ಬರೆಸಿಕೊಂಡೆ. ಶುಕ್ರವಾರದ ಉಪವಾಸ ಪ್ರಾರ್ಥನೆಯಲ್ಲಿ ಒಂದೊಂದೇ ಹೆಸರು ಹಿಡಿದು, "ಕರ್ತನೇ, ಈ ಮನೆಗೆ ಏನು ಬೇಕೋ ಅದನ್ನು ನನ್ನ ಕೈಯಲ್ಲಿ ಕಳಿಸು" ಅಂತ ಕೇಳತೊಡಗಿದೆ.

ಒಂದು ಮನೆಯಲ್ಲಿ ಅಜ್ಜಿಗೆ ಲಕ್ವಾ ಹೊಡೆದು ಬಲಗೈ ಬಿದ್ದುಹೋಗಿತ್ತು. ಅಜ್ಜನೇ ಅಡುಗೆ ಮಾಡಿ, ತಿನ್ನಿಸಿ, ಮೈ ಒರೆಸುತ್ತಿದ್ದರು. ಪ್ರಾರ್ಥನೆ ಮಾಡುವಾಗ 71ನೇ ಕೀರ್ತನೆ ಮನಸ್ಸಿಗೆ ಬಂದು ಗಟ್ಟಿಯಾಗಿ ನಿಂತಿತು. ಮುಪ್ಪಿನಲ್ಲಿ ನನ್ನನ್ನು ತಳ್ಳಿಬಿಡಬೇಡ ಅಂತ ಬೇಡುವ ಕೀರ್ತನೆ ಅದು. ಕರ್ತನು ಹೀಗೆ ಹೇಳುತ್ತಾನೆ ಅಂತ ನಾನು ಘೋಷಣೆ ಮಾಡಲಿಲ್ಲ. "ಅಜ್ಜಾರೇ, ಇದನ್ನ ಓದಬೇಕು ಅನಿಸ್ತಾ ಇದೆ, ಓದಲಾ?" ಅಂತ ಕೇಳಿದೆ. ಓದಿ ಮುಗಿಸುವಷ್ಟರಲ್ಲಿ ಅವರು ಹೆಗಲ ಮೇಲಿನ ಟವೆಲಿನಿಂದ ಕಣ್ಣು ಒತ್ತಿಕೊಳ್ಳುತ್ತಿದ್ದರು. "ದೇವರು ನಮ್ಮನ್ನ ಮರತಾನ ಅಂತ ಮುಂಜಾನೆನೇ ಇವಳ ಮುಂದ ಅಂದಿದ್ದೆ ನೋಡವ್ವಾ" ಅಂದರು. ಅಜ್ಜಿಯ ಕೈ ಅವತ್ತು ವಾಸಿಯಾಗಲಿಲ್ಲ. ಆದರೆ ಆ ಮಾತು ಆ ಹೊತ್ತಿಗೆ ಆ ಮನೆಗೇ ಬಂದದ್ದು. ನನ್ನ ಜಾಣತನದಿಂದ ಬಂದದ್ದಲ್ಲ. ಪ್ರವಾದಿಸುವವನು, ಅಂದರೆ ದೇವರು ಕೊಟ್ಟ ಮಾತನ್ನು ಹೇಳುವವನು, ಜನರಿಗೆ ಭಕ್ತಿವೃದ್ಧಿ, ಪ್ರೋತ್ಸಾಹ, ಸಾಂತ್ವನ ಆಗುವ ಹಾಗೆ ಮಾತಾಡುತ್ತಾನೆ ಅಂತ 1 ಕೊರಿಂಥ 14:3ರಲ್ಲಿ ಓದಿದ್ದೆ. ಅದು ಹೇಗಿರುತ್ತೆ ಅಂತ ತಿಳಿದಿದ್ದು ಆ ಮನೆಯಲ್ಲಿ.

ಹೀಗೆ ಅನಿಸಿದ್ದನ್ನೆಲ್ಲ ನಾನೊಬ್ಬಳೇ ಇಟ್ಟುಕೊಳ್ಳೋದಿಲ್ಲ. ಮಿಕ್ಕವರು ವಿವೇಚಿಸಲಿ ಅಂತ ಅದೇ ಅಧ್ಯಾಯದ 29ನೇ ವಚನ ಹೇಳುತ್ತದೆ. ನಮ್ಮ ಮನೆಕೂಟದಲ್ಲಿ ಹಿರಿಯರಿದ್ದಾರೆ. ಯಾರಿಗೆ ಏನು ಹೇಳಿದೆ, ಅವರು ಏನಂದರು ಅಂತ ಬರೆದಿಟ್ಟು ಅವರಿಗೆ ತೋರಿಸುತ್ತೇನೆ. ಇದು ಮನುಷ್ಯರ ಮಾತು ಅಂತ ಅವರಿಗೆ ಅನಿಸಿದರೆ ನೇರವಾಗಿ ಹೇಳುತ್ತಾರೆ. ಯಾರ ಮದುವೆ, ದುಡ್ಡು, ಸಾವಿನ ದಿನದ ಬಗ್ಗೆಯೂ ನಾವು ಪ್ರವಾದನೆ ಹೇಳೋದಿಲ್ಲ. ಮಾತ್ರೆ ನಿಲ್ಲಿಸಿ ಅಂತ ಯಾವ ರೋಗಿಗೂ ಹೇಳೋದಿಲ್ಲ. ಪೌಲನ ಪ್ರೀತಿಯ ಜೊತೆಗಾರ ಲೂಕನು ವೈದ್ಯನೇ ಅಲ್ವಾ.

ಅನ್ಯಭಾಷೆಯ ಬಗ್ಗೆ ಎಲ್ಲರೂ ಕೇಳುತ್ತಾರೆ. ನಾನೂ ಕೇಳಿಕೊಂಡಿದ್ದೇನೆ, ಹಿರಿಯರು ಕೈಯಿಟ್ಟು ಪ್ರಾರ್ಥಿಸಿದ್ದಾರೆ. ಬಂದಿಲ್ಲ. ಒಂದು ದೊಡ್ಡ ಕೂಟದಲ್ಲಿ ಹಲ್ಲೆಲೂಯ ಅಂತ ಬೇಗ ಬೇಗ ಹೇಳು, ನಾಲಿಗೆ ತಾನೇ ತಿರುಗುತ್ತೆ ಅಂದರು. ನಾನು ಎದ್ದು ಬಂದೆ. ದೇವರು ಕೊಡುವುದನ್ನು ನಾಲಿಗೆಗೆ ಅಭ್ಯಾಸ ಮಾಡಿಸಿ ಪಡೆಯೋದು ಎಂಥದು? ನನ್ನ ಗೆಳತಿಗೆ ಆ ವರ ಇದೆ. ಅರ್ಥ ಹೇಳುವವರು ಇಲ್ಲದಾಗ ಅವಳು ಸಭೆಯಲ್ಲಿ ಸುಮ್ಮನಿದ್ದು, ಮನೆಯಲ್ಲಿ ಬಾಗಿಲು ಹಾಕಿಕೊಂಡು ಪ್ರಾರ್ಥಿಸುತ್ತಾಳೆ. ಅದು ನಿಜವಾದ ವರ ಅಂತ ನನಗೆ ಅನುಮಾನವೇ ಇಲ್ಲ.

ಈ ವಿಷಯದಲ್ಲಿ ನನಗೆ ಧೈರ್ಯ ಕೊಟ್ಟವರು, ವಿಧವೆಯರಿಗಾಗಿ ದುಡಿದ ಕ್ರೈಸ್ತ ಸಮಾಜಸುಧಾರಕಿ ಪಂಡಿತಾ ರಮಾಬಾಯಿ. ಅವರ ತಂದೆ ಅನಂತಶಾಸ್ತ್ರಿ ಡೋಂಗ್ರೆ ನಮ್ಮ ಕಾರ್ಕಳದ ಹತ್ತಿರದ ಮಾಳದವರು. ಪುಣೆಯ ಬಳಿ ಕೇಡಗಾಂವದಲ್ಲಿ ರಮಾಬಾಯಿ ನಡೆಸುತ್ತಿದ್ದ ಮುಕ್ತಿ ಮಿಷನ್‌ನಲ್ಲಿ 1905ರಲ್ಲಿ ದೊಡ್ಡ ಉಜ್ಜೀವನ, ಅಂದರೆ ಜನರ ಭಕ್ತಿ ಹೊಸದಾಗಿ ಎಚ್ಚೆತ್ತುಕೊಳ್ಳುವುದು, ಆಯಿತು. ಅನ್ಯಭಾಷೆಗೆ ಹೆಸರಾದ, ಅಮೆರಿಕದ ಲಾಸ್ ಏಂಜಲೀಸ್‌ನ ಅಜೂಸಾ ಬೀದಿಯ ಉಜ್ಜೀವನ ಶುರುವಾಗಿದ್ದು ಅದರ ಮರುವರ್ಷ. ಮುಕ್ತಿಯಲ್ಲಿ ವಿಧವೆಯರು, ಅನಾಥ ಹುಡುಗಿಯರು ಪಾಪಕ್ಕಾಗಿ ಅತ್ತು ಪ್ರಾರ್ಥಿಸಿದರು. ಕೆಲವರಿಗೆ ಅನ್ಯಭಾಷೆ ಬಂತು. ರಮಾಬಾಯಿಗೆ ಬರಲಿಲ್ಲ. ಆದರೂ ಬಂದವರನ್ನು ಅವರು ತಡೆಯಲಿಲ್ಲ. ಹುಡುಗಿಯರು ಗುಂಪು ಕಟ್ಟಿಕೊಂಡು ಸುವಾರ್ತೆ ಸಾರಲು ಸುತ್ತಲಿನ ಹಳ್ಳಿಗಳಿಗೆ ಹೋದರು. ನಾನು ವರದ ಗುರುತು ಹುಡುಕೋದು ಅಲ್ಲೇ, ಹಳ್ಳಿಗೆ ಹೊರಟ ಆ ಕಾಲುಗಳಲ್ಲಿ.

ಈಗ ನಾನು ಬೋಧನೆಯ ವರ ಕೇಳುತ್ತಿದ್ದೇನೆ. ನಮ್ಮ ಸಂಡೇ ಸ್ಕೂಲಿನಲ್ಲಿ ಹೈಸ್ಕೂಲ್ ಮಕ್ಕಳ ತರಗತಿಗೆ ಟೀಚರ್ ಇಲ್ಲ. ಅವರ ಪ್ರಶ್ನೆಗಳೂ ಸುಲಭದವಲ್ಲ. ನಿಮ್ಮ ಪ್ರಾರ್ಥನೆಯಲ್ಲಿ ಆ ಮಕ್ಕಳನ್ನೂ ನೆನಪು ಮಾಡಿಕೊಳ್ಳಿ.